ಸೂಜಿ ಆಡಿಸಿದ ಮುಖಕ್ಕೆ ಬೇವಿನ ಟೊಂಗೆ

ನನ್ನ ಎಡಗೆನ್ನೆಯಲ್ಲಿ ಹದಿನಾಲ್ಕು ಗುಳಿಗಳಿದ್ದವು, ಬಲಗೆನ್ನೆಯಲ್ಲಿ ಒಂಬತ್ತು, ಹಣೆಯಲ್ಲಿ ಮೂರು. ಇದು ಎರಡು ಸಾವಿರದ ಒಂಬತ್ತರ ದೀಪಾವಳಿ ಮುಗಿದ ವಾರದ ಲೆಕ್ಕ. ಅಪ್ಪ ಗಡ್ಡ ಹೆರೆಯುವ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಎಣಿಸಿ ಬರೆದಿಟ್ಟಿದ್ದೆ. ಬರೆದಿಡುವುದು ನನ್ನ ಚಾಳಿ. ಮಳೆ ಬಂದ ದಿನ, ಕರೆಂಟು ಹೋದ ಹೊತ್ತು, ನನ್ನ ಒಂದನೇ ಇಯತ್ತೆಗೆ ಎಷ್ಟು ಮಕ್ಕಳು ಬಂದರು, ಎಲ್ಲವನ್ನೂ ಬರೆಯುತ್ತಿದ್ದೆ. ಮುಖವನ್ನು ಮಾತ್ರ ಅಲ್ಲಿಯವರೆಗೆ ಎಣಿಸುವ ಧೈರ್ಯ ಮಾಡಿರಲಿಲ್ಲ.

ಆ ಗುಳಿಗಳು ತೊಂಬತ್ನಾಲ್ಕರ ಬೇಸಿಗೆಯವು. ಆಗ ನನಗೆ ಎಂಟು ವರ್ಷ, ಸಿತಾಳೆ ಸಿಡುಬು ಬಂದಿತ್ತು. ನಮ್ಮ ಕಡೆ ಅದನ್ನು ರೋಗ ಎನ್ನುವುದಿಲ್ಲ. ತಾಯಿ ಬಂದಾಳೆ ಎನ್ನುತ್ತಾರೆ. ಬಂದವಳು ಹೋಗುವ ತನಕ ಅವಳನ್ನು ಮನೆಗೆ ಬಂದ ಬೀಗಿತ್ತಿಯಂತೆ ನೋಡಿಕೊಳ್ಳಬೇಕು. ಆಗ ನನ್ನ ಹಾಸಿಗೆಯ ಪಕ್ಕ ಹಗಲು ರಾತ್ರಿ ಕೂತವಳು ಆಯಿ, ಅಂದರೆ ಅಪ್ಪನ ತಾಯಿ. ಕೆರೆದುಕೊಳ್ಳಬಾರದೆಂದು ನನ್ನ ಎರಡೂ ಕೈಗೆ ಅಪ್ಪನ ಹಳೆಯ ಧೋತರದ ಚೂರು ಸುತ್ತಿದ್ದಳಂತೆ. ಆದರೂ ನಾನು ಕೆರೆದುಕೊಂಡೆ. ಹುಣ್ಣು ಉದುರಿದ ಮೇಲೆ ಉಳಿದ ಗುಳಿಗಳನ್ನು ನೋಡಿ ನಾನು ಅತ್ತಾಗ ಆಯಿ, ಇವು ಕಲೆಯಲ್ಲ, ತಾಯಿ ಹೋಗುವಾಗ ಮುದ್ದಿಟ್ಟ ಗುರುತು ಎಂದಳು. ಹೈಸ್ಕೂಲು ಮುಗಿಯುವ ತನಕ ನಾನು ಅದನ್ನು ನಂಬಿ ಬೀಗಿದ್ದೆ. ಕಾಲೇಜಿಗೆ ಹೋದ ಮೇಲೆ ಫೋಟೋದಲ್ಲಿ ಬಲಗೆನ್ನೆಯಷ್ಟೇ ಕಾಣುವಂತೆ ತಿರುಗಿ ನಿಲ್ಲುವುದನ್ನು ಕಲಿತೆ. ಶಾಲೆಗೆ ಟೀಚರಾಗಿ ಸೇರಿದ ಮೇಲೂ ಹಲಗೆಯ ಒಂದೇ ಬದಿಗೆ ನಿಂತು ಪಾಠ ಮಾಡುತ್ತಿದ್ದೆ.

ಹುಮನಾಬಾದಿಗೆ ಎರಡು ವಾರಕ್ಕೊಮ್ಮೆ ಕಲಬುರ್ಗಿಯಿಂದ ಚರ್ಮದ ಡಾಕ್ಟರೊಬ್ಬರು ಬರುತ್ತಾರೆ, ಸಣ್ಣ ಸೂಜಿಗಳ ಚಕ್ರವನ್ನು ಮುಖದ ಮೇಲೆ ಉರುಳಿಸಿ ಗುಳಿ ತುಂಬಿಸುತ್ತಾರೆ ಎಂದು ಹೇಳಿದವಳು ಅಲ್ಲೇ ಹತ್ತಿರ ಮಾಣಿಕನಗರದಲ್ಲಿರುವ ಸೋದರತ್ತೆ. ನಾನು, ಅವ್ವ ಹೋಗಿ ಕೇಳಿ ಬಂದೆವು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡ ಹೆಂಗಸು, ಮಾತು ಕಮ್ಮಿ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಇದು ಆಗದು, ಚಳಿಗಾಲದಲ್ಲೇ ಮುಗಿಸಬೇಕು ಎಂದರು. ಮೂರು ಸಲ ಮಾಡಿಸಬೇಕು, ನಡುವೆ ಆರಾರು ವಾರ ಬಿಡಬೇಕು. ಆಳವಾದ ಗುಳಿ ಪೂರ್ತಿ ಹೋಗುವುದಿಲ್ಲ, ಮೇಲ್ಮೇಲಿನವು ಹೋಗುತ್ತವೆ ಎಂದೂ ಮೊದಲೇ ಹೇಳಿದರು. ಅದು ನನಗೆ ಹಿಡಿಸಿತು.

ತಯಾರಿಗೆ ಒಂದು ತಿಂಗಳು. ಹೊರಗೆ ಹೋಗುವಾಗ ಬಿಳಿ ಕ್ರೀಮು, ಮೇಲೆ ಛತ್ರಿ. ಚಳಿಗಾಲದಲ್ಲಿ ಛತ್ರಿ ಹಿಡಿದು ಕೋಟೆ ರಸ್ತೆಯಲ್ಲಿ ನಡೆಯುವ ಟೀಚರನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ರಾತ್ರಿ ಹಚ್ಚಲು ಕೊಟ್ಟ ಮುಲಾಮನ್ನು ಐದು ದಿನ ಮೊದಲೇ ನಿಲ್ಲಿಸಬೇಕಿತ್ತು. ಹುಬ್ಬು ತೀಡಿಸಬಾರದು, ಮುಖಕ್ಕೆ ಆವಿ ಹಿಡಿಯಬಾರದು, ಹೇಳದೆ ನೋವಿನ ಗುಳಿಗೆ ನುಂಗಬಾರದು. ಎಲ್ಲಕ್ಕೂ ಟಿಕ್ ಹಾಕುತ್ತ ಹೋದೆ.

ಟಿಕ್ ಹಾಕದೆ ಉಳಿದದ್ದು ಒಂದೇ, ಆಯಿಗೆ ಹೇಳುವುದು. ಹುಟ್ಟಿದಾಗಿನಿಂದ ನಾನು ಮಲಗಿದ್ದು ಅವಳ ಪಕ್ಕದಲ್ಲೇ. ಒಂದು ಸಂಜೆ ಅವಳು ಹೆಸರಿನ ಕಾಳು ಹಸನು ಮಾಡುತ್ತಿದ್ದಾಗ ಎದುರು ಕೂತು ಹೇಳಿದೆ. ಅವಳು ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು ನನ್ನ ಕೆನ್ನೆಯನ್ನೇ ನೋಡಿದಳು.

"ಅವು ನಾ ಕೊಟ್ಟಾವಲ್ಲ, ನಿಮ್ಮವ್ವ ಕೊಟ್ಟಾವಲ್ಲ. ಕೊಟ್ಟಾಕಿ ಬಂದು ಎಲ್ಲವ್ವಾ ನನ್ನ ಗುರ್ತು ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಅವಳ ಭಯ ಇಷ್ಟೇ. ಮುದ್ದಿಟ್ಟ ಗುರುತನ್ನು ಅಳಿಸಿದರೆ ತಾಯಿ ಮುನಿದು ಮತ್ತೆ ಬಂದಾಳು, ಈ ಸಲ ಮೊಮ್ಮಗಳನ್ನು ಬಿಟ್ಟು ಹೋಗಲಾರಳು. ಅಂದಿನಿಂದ ಅವಳು ತನ್ನ ಹಾಸಿಗೆಯನ್ನು ದೇವರ ಕೋಣೆಯ ಬಾಗಿಲಿಗೆ ಒಯ್ದು ಹಾಕಿಕೊಂಡಳು. ಊಟಕ್ಕೆ ಕೂತರೆ ಎರಡು ತುತ್ತು. ಅಪ್ಪ, ಮುದುಕಿಯ ಮಾತು ಕಟ್ಟಿಕೊಂಡು ಹಿಂದೆಗೆಯಬೇಡ ಎಂದರು. ಆದರೆ ನನಗೆ ಅಷ್ಟು ಸಲೀಸಾಗಿರಲಿಲ್ಲ. ನನಗೆ ನುಣುಪಾದ ಕೆನ್ನೆ ಬೇಕಿತ್ತು. ಆಯಿ ನನ್ನ ಪಕ್ಕಕ್ಕೆ ಮರಳಿ ಬರುವುದೂ ಬೇಕಿತ್ತು. ಎರಡರಲ್ಲಿ ಒಂದೇ ಸಿಗುವುದಾದರೆ ಗುಳಿಬಿದ್ದ ಕೆನ್ನೆಯೇ ಇರಲಿ ಎಂದು ಒಂದು ದಿನ ಬರೆದು, ಮರುದಿನ ಅದನ್ನು ಹೊಡೆದು ಹಾಕಿದೆ. ಕೊನೆಗೆ ಒಂದು ಸಲ ಮಾಡಿಸಿ ನೋಡೋಣ, ಆಯಿ ಒಪ್ಪದಿದ್ದರೆ ಎರಡನೆಯದು ಬೇಡ ಎಂದು ಅವ್ವನಿಗೆ ಹೇಳಿ ಬಸ್ಸು ಹತ್ತಿದೆ.

ದವಾಖಾನೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೊದಲು ಮುಖಕ್ಕೆ ಜೋಮು ಬರುವ ಮುಲಾಮು ದಪ್ಪಗೆ ಬಳಿದು ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಕ್ಕಾಲು ತಾಸು ಕೂರಿಸಿದರು. ಅಂಗಡಿಯಲ್ಲಿ ಪೇಢಾ ಕಟ್ಟಿಟ್ಟಂತೆ ಕಾಣುತ್ತೀ ಎಂದು ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು. ನಗಬೇಕೆಂದರೆ ನನ್ನ ತುಟಿ ನನ್ನ ಮಾತು ಕೇಳುತ್ತಿರಲಿಲ್ಲ. ಆಮೇಲೆ ಚಕ್ರ ಬಂತು. ಹಿಡಿ ಇರುವ ಪುಟ್ಟ ಉರುಳೆ, ಮೈತುಂಬ ಕೂದಲೆಳೆಯಂಥ ಸೂಜಿ. ಮೇಲಿನಿಂದ ಕೆಳಗೆ, ಅಡ್ಡಕ್ಕೆ, ಓರೆಗೆ. ಕೆನ್ನೆಯ ಮೇಲೆ ಅದು ಗರಗರ ಎಂಬ ಸದ್ದು ಮಾತ್ರ. ಹಣೆಯ ಎಲುಬಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಡಾಕ್ಟರು ತಣ್ಣನೆಯ ಉಪ್ಪುನೀರಿನ ಬಟ್ಟೆ ಒತ್ತಿ ರಕ್ತದ ಸಣ್ಣ ಚುಕ್ಕೆಗಳನ್ನು ಒರೆಸಿದರು. ಮುಂದೇನು ಮಾಡಬೇಕು, ಮಾಡಬಾರದು ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮುಖಕ್ಕೆ ಸಡಿಲವಾಗಿ ಓಢಣಿ ಹೊದ್ದು ಮನೆಗೆ ಬಂದಾಗ ಸಂಜೆ. ಆಯಿ ಕಟ್ಟೆಯ ಮೇಲಿದ್ದಳು. ಓಢಣಿ ತೆಗೆದೆ. ಇಡೀ ಮುಖ ಕೆಂಪಗೆ ಊದಿ, ಸಣ್ಣ ಸಣ್ಣ ಚುಕ್ಕೆ ಎದ್ದಿತ್ತು. ತಾಯಿ ಬಂದೇ ಬಂದಳು ಎಂಬಂತೆ ಆಯಿ ಕೈಮುಗಿದು ನಿಂತುಬಿಟ್ಟಳು. ಆಮೇಲೆ ಎಂಬತ್ತರ ಆ ಮುದುಕಿಗೆ ಎಲ್ಲಿಂದ ಕಸುವು ಬಂತೋ, ಹಿತ್ತಲಿಗೆ ಹೋಗಿ ಬೇವಿನ ಟೊಂಗೆ ಮುರಿದು ತಂದು ಮುಂಬಾಗಿಲಿಗೆ ಕಟ್ಟಿದಳು. ಒಲೆಯ ಮೇಲೆ ಒಗ್ಗರಣೆಗೆ ಇಟ್ಟ ಎಣ್ಣೆಯನ್ನು ಇಳಿಸಿದಳು. ತಾಯಿ ಬಂದ ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿಸಬಾರದು.

ಅವ್ವ ಚೀಟಿ ಓದತೊಡಗಿದಳು. ಒಲೆಯ ಉರಿಯ ಹತ್ತಿರ ಹೋಗಬಾರದು, ಬಿಸಿಲಿಗೆ ಬೀಳಬಾರದು. ಆಯಿ ತಲೆಯಾಡಿಸಿದಳು. ಒಗೆದ ಮೆತ್ತನೆಯ ಬಟ್ಟೆಯ ಮೇಲೆ ಮಲಗಬೇಕು, ದಿಂಬಿನ ಗವಸು ದಿನಾ ಬದಲಿಸಬೇಕು. ಆಯಿ ಮತ್ತೆ ತಲೆಯಾಡಿಸಿದಳು. ಸಾಬೂನು ಬೇಡ, ಕೆರೆಯುವುದು ಬೇಡ, ಏಳುವ ಸಿಪ್ಪೆಯನ್ನು ಕೀಳುವುದು ಬೇಡ, ಗುಂಪಿನಲ್ಲಿ ಕೂರುವುದು ಬೇಡ.

"ಇದೆಲ್ಲಾ ನಂಗ ಗೊತ್ತಿಲ್ಲೇನ," ಎಂದಳು ಆಯಿ. "ಆ ಡಾಕ್ಟರಬಾಯಿ ಯಾರ ಕಡೀಂದ ಕಲ್ತಾಳ ಕೇಳು. ತಾಯಿ ಮರ್ಯಾದಿ ಬಲ್ಲಾಕಿ ಇದ್ದಾಳ."

ಒಂದೇ ಕಡೆ ಆಯಿಗೂ ಚೀಟಿಗೂ ತಾಳೆ ತಪ್ಪಿತು. ಮರುದಿನ ಬೆಳಿಗ್ಗೆ ಆಯಿ ಬೇವು ಅರಿಷಿಣ ಅರೆದು ಬಟ್ಟಲಲ್ಲಿ ತಂದಳು. ಚೀಟಿಯಲ್ಲಿ ಮುಖಕ್ಕೆ ಏನನ್ನೂ ಹಚ್ಚಬಾರದು ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು. ನಾನು ಅವಳ ಕೈ ಹಿಡಿದೆ. ಹಚ್ಚಬೇಡ, ತೂತು ಇನ್ನೂ ಹಸಿ ಇವೆ ಎಂದೆ. ಅವಳ ಮುಖ ಸಣ್ಣದಾಯಿತು. "ನಾ ಮುಟ್ಟಲೇಬಾರದೇನ?" ಎಂದು ಕೇಳಿದಳು. ನನಗೆ ತೋಚಿದ್ದು ಒಂದೇ. ಕಾಯಿಸಿ ಆರಿಸಿದ ನೀರಿನಲ್ಲಿ ತೆಳುವಾದ ಹೊಸ ಮಲ್ ಬಟ್ಟೆ ಅದ್ದಿ ಮುಖದ ಮೇಲೆ ಹಾಕಬೇಕಿತ್ತು. ಆ ಕೆಲಸ ನಿನ್ನದು ಎಂದೆ. ಕೈಯನ್ನು ಸಾಬೂನಿನಿಂದ ತೊಳೆಯಬೇಕು ಎಂದಾಗ ಮೂರು ಸಲ ತೊಳೆದು ಬಂದಳು. ಅರೆದ ಬೇವನ್ನು ವ್ಯರ್ಥ ಮಾಡಬಾರದೆಂದು ನನ್ನ ಅಂಗಾಲಿಗೆ ಬಳಿದಳು. ಅಂಗಾಲಿನ ಬಗ್ಗೆ ಚೀಟಿ ಏನೂ ಹೇಳಿರಲಿಲ್ಲ.

ಬಾಗಿಲಿನ ಬೇವು ತನ್ನ ಕೆಲಸ ಮಾಡಿತು. ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿ. ಹಾಲಿನವಳು ಹೊಸ್ತಿಲಾಚೆಯಿಂದಲೇ ಹಾಲು ಹೊಯ್ದು ಕೈಮುಗಿದು ಹೋದಳು. ಮೂರು ಮನೆಯಿಂದ ಮಜ್ಜಿಗೆ, ಎರಡು ಮನೆಯಿಂದ ಅಂಬಲಿ ಬಂತು. ಪಕ್ಕದ ಮನೆಯ, ನಾವೆಲ್ಲ ಖಾಲಾ ಎಂದು ಕರೆಯುವ ಹೆಂಗಸು ಎಳನೀರು ತಂದು ಕಿಟಕಿಯಲ್ಲಿ ಇಣುಕಿ, ನಿನ್ನೆ ಹುಮನಾಬಾದಿಗೆ ಹೋದ ಹುಡುಗಿಗೆ ಇವತ್ತು ಇದು ಹೇಗೆ ಎಂದು ಅವ್ವನನ್ನು ಕೇಳಿದಳು. ಅವ್ವ ಸೂಜಿಯ ವಿಷಯ ಹೇಳಿದಳು. ಖಾಲಾ ಎಳನೀರನ್ನು ಕಿಟಕಿಯಲ್ಲಿಟ್ಟು, "ಮತ್ತ ನಾ ಖಾಲಿಪೀಲಿ ಹೆದರಿದ್ನಲ್ಲವ್ವಾ. ತಾಯಿ ಬಸ್ಸಿನ್ಯಾಗ ರಿಟರ್ನ್ ತಿಕೀಟ ತಗೊಂಡು ಬಂದಾಳ ಅಂದ್ಕೊಂಡಿದ್ದೆ," ಎಂದಳು. ಆಯಿ ಕೂಡ ನಕ್ಕಳು. ಒಂದು ತಿಂಗಳ ಮೇಲೆ ಅವಳು ನಕ್ಕಿದ್ದು ಅಂದೇ; ಅದನ್ನು ಬರೆದಿಟ್ಟಿದ್ದೇನೆ.

ಮೂರು ದಿನದ ರಜೆಗೇ ಗೊಣಗಿದ್ದ ಹೆಡ್‌ಮಾಸ್ತರರು ಜವಾನನ ಕೈಯಲ್ಲಿ, ಹದಿನೈದು ದಿನ ಶಾಲೆಯ ಕಡೆ ತಲೆ ಹಾಕಬೇಡಿ ಎಂದು ಹೇಳಿ ಕಳಿಸಿದರು. ಇದು ಅಂಟುವಂಥದ್ದಲ್ಲ ಎಂದು ತಿಳಿಸಲು ಅಪ್ಪ ಹೋದರು. ಅಂಟದಿದ್ದರೂ ಆ ಮುಖವನ್ನು ಒಂದನೇ ಇಯತ್ತೆಗೆ ತೋರಿಸುವುದು ಬೇಡ, ಒಂದು ವಾರ ಇರಲಿ ಎಂದರಂತೆ.

ಮೂರನೆಯ ದಿನ ಕೆಂಪು ಕಂದಾಯಿತು. ನಾಲ್ಕನೆಯ ದಿನ ಮೂಗಿನ ಪಕ್ಕ ಚರ್ಮ ಈರುಳ್ಳಿಯ ಒಳಸಿಪ್ಪೆಯಂತೆ ಏಳತೊಡಗಿತು. ತುರಿಕೆ ಎಂದರೆ ತುರಿಕೆ. ಆ ರಾತ್ರಿ ಆಯಿ ತನ್ನ ಹಾಸಿಗೆಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದಳು. ನಿದ್ದೆಯಲ್ಲಿ ಕೆರೆದುಕೊಳ್ಳುತ್ತೀಯೆಂದು ನನ್ನ ಬಲಗೈ ಹಿಡಿದೇ ಮಲಗಿದಳು. ಸೂಜಿ ಹೇಗೆ ಗುಳಿ ತುಂಬುತ್ತದೆ ಎಂದು ಆಗ ಕೇಳಿದಳು. ಚರ್ಮವನ್ನು ಸಣ್ಣಗೆ ಚುಚ್ಚಿದರೆ ಅದು ಎಚ್ಚೆತ್ತು ಒಳಗಿನಿಂದ ಹೊಸದು ಹುಟ್ಟಿಸುತ್ತದೆ ಎಂದೆ. ಮಂಠಾಳದ ಹೊಲದಲ್ಲಿ ಬೆಳೆದವಳಿಗೆ ಅದು ಕೂಡಲೇ ತಿಳಿಯಿತು. "ಎಡಿ ಹೊಡದಂಗ ಅನ್ನು. ಬೆಳಿ ಸಾಲಿನ್ಯಾಗ ಮಣ್ಣ ಕೆದಕಿದ್ರ ಬೆಳಿ ಏಳ್ತದ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಅಳಿಸೋದಲ್ಲ ಹಂಗಾದ್ರ, ಎಂದು ತನಗೇ ಹೇಳಿಕೊಂಡಳು.

ವಾರ ಕಳೆದ ಮೇಲೆ ಕಿಟಕಿಯ ಬಳಿ ಕೂತು ಎಣಿಸಿದೆ. ಇಪ್ಪತ್ತಾರರಲ್ಲಿ ಒಂದೂ ಕಮ್ಮಿಯಾಗಿರಲಿಲ್ಲ. ನಾಲ್ಕೈದರ ಅಂಚು ಮಾತ್ರ ಮೆತ್ತಗಾಗಿತ್ತು. ಅವ್ವನಿಗೆ ನಿರಾಸೆಯಾಯಿತು. ಆಯಿಗೆ ಮಾತ್ರ ಸಮಾಧಾನ. ಆದರೆ ಎರಡನೆಯ ಸಲದ ದಿನ ಹತ್ತಿರವಾದಂತೆ ಅವಳು ಮತ್ತೆ ಮಾತು ಕಮ್ಮಿ ಮಾಡಿದಳು. ನಾನು ಕೇಳಲಿಲ್ಲ. ಬೇಡ ಎಂದರೆ ಬಿಡುವುದೆಂದು ಅವ್ವನಿಗೆ ಕೊಟ್ಟ ಮಾತು ನೆನಪಿತ್ತು.

ಆ ಭಾನುವಾರ ಎದ್ದು ನೋಡಿದರೆ ಆಯಿ ಮಿಂದು, ಇಳಕಲ್ ಸೀರೆ ಉಟ್ಟು, ಕಟ್ಟೆಯ ಮೇಲೆ ಕೂತಿದ್ದಳು. ನಾನೂ ಬರುತ್ತೇನೆ ಎಂದಳು. ದವಾಖಾನೆಯ ಮೆಟ್ಟಿಲನ್ನು ಅವ್ವನ ಹೆಗಲು ಹಿಡಿದು ಹತ್ತಿದಳು. ಡಾಕ್ಟರು ಚಕ್ರ ಕೈಗೆತ್ತಿಕೊಳ್ಳುವ ಮುಂಚೆ ಎದ್ದು ಹತ್ತಿರ ಬಂದಳು.

"ಡಾಕ್ಟರಬಾಯಿ, ನಿಮ್ ಕೆಲ್ಸ ನೀವ್ ಮಾಡ್ರಿ. ನಾ ನಡುವ ಬರಂಗಿಲ್ಲ. ಒಂದ್ ಬಿಡ್ರಿ ಸಾಕು. ಕೊಟ್ಟಾಕಿ ಕೇಳಾಕ ಬಂದ್ರ ತೋರಿಸ್ಲಿಕ್ಕ ಒಂದ್ ಬೇಕಲ್ರಿ."

ಡಾಕ್ಟರು ನನ್ನನ್ನು ನೋಡಿದರು. ಜೋಮು ಹಿಡಿದ ತುಟಿಯಿಂದ ಹ್ಞೂಂ ಎಂದೆ. ಯಾವುದು ಬಿಡಬೇಕು ತೋರಿಸಿ ಎಂದು ಡಾಕ್ಟರು ಆಯಿಗೆ ಕೇಳಿದರು. ಆಯಿ ನನ್ನ ಮುಖದ ಮೇಲೆ ಬಾಗಿ ಬಹಳ ಹೊತ್ತು ಆರಿಸಿದಳು, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ. ಕೊನೆಗೆ ಎಡ ದವಡೆಯ ತುದಿಯಲ್ಲಿದ್ದ ಒಂದರ ಹತ್ತಿರ, ಮುಟ್ಟದೆ, ಬೆರಳು ನಿಲ್ಲಿಸಿದಳು. ಅದಕ್ಕಿಂತ ಆಳವಾದವು ಬೇಕಾದಷ್ಟಿದ್ದವು. ಜಡೆ ಮುಂದೆ ಹಾಕಿಕೊಂಡರೆ ಯಾರಿಗೂ ಕಾಣದ್ದನ್ನೇ ಅವಳು ಆರಿಸಿದ್ದಳು.

ಡಾಕ್ಟರು ಅದರ ಸುತ್ತ ನೀಲಿ ಪೆನ್ನಿನಿಂದ ಒಂದು ದುಂಡು ಬರೆದು, ಚಕ್ರವನ್ನು ಗೆರೆಯ ತನಕ ತಂದು ಎತ್ತಿದರು. ಆಯಿ ಗೋಡೆಯ ಪಕ್ಕದ ಕುರ್ಚಿಗೆ ಹೋಗಿ ಕೂತು, ಬಸ್ಸಿಗೆ ಹೊತ್ತಾಗುತ್ತದೆ, ಬೇಗ ಬೇಗ ಮಾಡಿರಿ ಎಂದು ಡಾಕ್ಟರಿಗೆ ಹೇಳತೊಡಗಿದಳು.