ಅಲಮೇಲು ಮೇಡಂ ಮತ್ತು ಗಾಜಿನ ಗಡಿಗೆಯ ದೇವರು

ಬೇರೆಯವರಿಗೆ ಸಿಟ್ಟು ಬಂದು ಹೋಗುತ್ತದೆ. ಚೆಂಬೂರಿನ ಅಲಮೇಲು ಮೇಡಂ ಬಳಿಗೆ ಬಂದ ಸಿಟ್ಟು ಅಲ್ಲೇ ಬಿಡಾರ ಹೂಡಿ, ಮಕ್ಕಳು ಮರಿ ಮಾಡಿಕೊಂಡು ಸುಖವಾಗಿತ್ತು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ರಿಫೈನರಿಯಲ್ಲಿ ಕೆಲಸದಲ್ಲಿದ್ದ ಗಂಡನ ಹಿಂದೆ ಮುಂಬಯಿಗೆ ಬಂದು, ಕುರ್ಲಾ ಸ್ಟೇಷನ್ನಿನ ಕೂಗಳತೆಯಲ್ಲಿದ್ದ ಒಂದು ಕಾಲೇಜಿನಲ್ಲಿ ಪಾಠಕ್ಕೆ ನಿಂತಾಗಿನಿಂದ ಅವರಿಗೆ ಸಿಟ್ಟಿಗೆ ಬರವೆಂಬುದೇ ಇರಲಿಲ್ಲ. ಲೋಕಲ್ ತಡವಾದರೆ ರೈಲ್ವೆಯ ಮೇಲೆ ಸಿಟ್ಟು. ಸರಿಯಾದ ಹೊತ್ತಿಗೆ ಬಂದರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಇನ್ನೊಂದು ಸಿಟ್ಟು.

ಆದರೆ ಇವೆಲ್ಲ ಕಾಲಾಳುಗಳು. ಸಿಟ್ಟುಗಳ ಚಕ್ರವರ್ತಿ ಕಾಲೇಜಿನ ಪ್ರಯೋಗಶಾಲೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ವಿರಾಜಮಾನವಾಗಿತ್ತು. ಅದರ ಹೆಸರು ಫರ್ಮೆಂಟರ್.

ಎಂಬತ್ತರ ದಶಕದ ನಡುವಿಗೆ ಪತ್ರಿಕೆಗಳಿಗೆಲ್ಲ ಬಯೋಟೆಕ್ನಾಲಜಿಯ ಜ್ವರ ಹಿಡಿದಿತ್ತು. ದಿಲ್ಲಿಯಲ್ಲಿ ಅದಕ್ಕೊಂದು ಇಲಾಖೆ ಹುಟ್ಟಿತ್ತು. ವಿಕ್ರೋಳಿ ಕಡೆಯ ಕಾರ್ಖಾನೆಯೊಂದು ಕಿಣ್ವ ತಯಾರಿಸಲು ಹೊಸ ವಿಭಾಗ ತೆರೆದು, ಕೆಲಸ ಬಲ್ಲ ಹುಡುಗರು ಬೇಕೆಂದು ಸಾರುತ್ತಿತ್ತು. ಇಂಥ ಶುಭಮುಹೂರ್ತದಲ್ಲಿ ಸರ್ಕಾರದ ಅನುದಾನದಿಂದ ಆ ಯಂತ್ರ ಕಾಲೇಜಿಗೆ ಬಂದಿಳಿಯಿತು. ಯೀಸ್ಟಿನಂಥ ಸೂಕ್ಷ್ಮಜೀವಿಗಳಿಗೆ ಹದವಾದ ಶಾಖ, ಗಾಳಿ, ಊಟ ಕೊಟ್ಟು ರಾಶಿ ರಾಶಿ ಬೆಳೆಸುವ ದಪ್ಪ ಗಾಜಿನ ಗಡಿಗೆ. ಮೇಲೆ ಉಕ್ಕಿನ ಮುಚ್ಚಳ, ಮುಚ್ಚಳದಲ್ಲಿ ನಳಿಕೆ ಸೇರಿಸುವ ತೂತುಗಳು. ಮಂತ್ರಿಯೊಬ್ಬರು ರಿಬ್ಬನ್ ಕತ್ತರಿಸಿದರು, ಫೋಟೋ ಆಯಿತು, ಪೇಡೆ ಹಂಚಿದರು. ಮರುದಿನ ಪ್ರಿನ್ಸಿಪಾಲ್ ಸತ್ಯಮೂರ್ತಿಗಳು ಅದಕ್ಕೆ ಹೊದಿಕೆ ಹೊದಿಸಿ, ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದರು.

ಮುಟ್ಟಿದರೆ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಮೈಕ್ರೋಸ್ಕೋಪುಗಳೂ ಇದೇ ಸಿದ್ಧಾಂತದ ಪ್ರಕಾರ ಕಪಾಟಿನಲ್ಲಿ ಕೂತು ಗಾಜಿನ ಮೂಲಕ ದರ್ಶನ ಕೊಡುತ್ತಿದ್ದವು. ವಿದ್ಯಾರ್ಥಿಗಳು ಪುಸ್ತಕ ನೋಡಿ ಪ್ರಯೋಗದ ಜರ್ನಲ್‌ನಲ್ಲಿ ಬ್ಯಾಕ್ಟೀರಿಯಾಗಳ ಚಿತ್ರ ಬರೆದು, ಅಂದವಾಗಿ ಬಣ್ಣ ತುಂಬಿ, ಸಹಿ ಹಾಕಿಸಿಕೊಂಡು ಪಾಸಾಗುತ್ತಿದ್ದರು. ಫರ್ಮೆಂಟರಿಗೆ ಮಾತ್ರ ಇನ್ನೂ ಉನ್ನತ ಪದವಿ ಪ್ರಾಪ್ತವಾಯಿತು. ಪ್ರತಿ ದಸರೆಯಲ್ಲಿ ಅಟೆಂಡರ್ ಐತ ಹೊದಿಕೆ ಸರಿಸಿ, ಗಾಜಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಿದ್ದ. ಮುಚ್ಚಳದ ತೂತುಗಳು ಊದುಬತ್ತಿ ಸಿಕ್ಕಿಸಲು ಹೇಳಿ ಮಾಡಿಸಿದಂತಿದ್ದವು. ಪ್ರಿನ್ಸಿಪಾಲರು ಕಣ್ಮುಚ್ಚಿ ಮಂಗಳಾರತಿ ತೆಗೆದುಕೊಳ್ಳುತ್ತಿದ್ದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರಿಗೂ ಬಾಯಿ ಕಟ್ಟಿತ್ತು.

ಅಲಮೇಲು ಹಲ್ಲು ಕಚ್ಚಿಕೊಂಡು ಸಹಿಸಿದ್ದರು, ವಿಕ್ರೋಳಿಯ ಕಾರ್ಖಾನೆ ಅವರ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಒಬ್ಬರನ್ನೂ ಬಿಡದೆ ವಾಪಸು ಕಳಿಸುವ ತನಕ. ಸೂಕ್ಷ್ಮಜೀವಿ ಎತ್ತುವ ತಂತಿಯ ಕುಣಿಕೆಯನ್ನು ಕೈಗೆ ಕೊಟ್ಟರೆ ಒಬ್ಬ ಅದನ್ನು ಸೌಟಿನಂತೆ ಮುಷ್ಟಿಯಲ್ಲಿ ಹಿಡಿದನಂತೆ. ಇನ್ನೊಬ್ಬಳು ಉರಿಯಲ್ಲಿ ಕೆಂಪಗೆ ಕಾಯಿಸಬೇಕಾದ್ದನ್ನು ಸೆರಗಿನಿಂದ ಒರೆಸಿದಳಂತೆ. ನಿಮ್ಮ ಕಾಲೇಜಿನವರು ಚಿತ್ರ ಚೆನ್ನಾಗಿ ಬರೆಯುತ್ತಾರೆ, ಸೈನ್‌ಬೋರ್ಡ್ ಅಂಗಡಿಗೆ ಕಳಿಸಿ ಎಂದು ಸಂದರ್ಶನ ಮಾಡಿದವರು ಹೇಳಿ ಕಳಿಸಿದ್ದರು.

ಆ ಮಾತು ಕೇಳಿದ ಅಲಮೇಲು ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಕುರುಕ್ಷೇತ್ರದಲ್ಲಿ ಶಂಖಗಳಿದ್ದವು; ಇಲ್ಲಿ ಅವರ ಚಪ್ಪಲಿಯ ಸದ್ದೇ ಸಾಕಾಯಿತು.

“ಸಾರ್, ಈ ವರ್ಷದ ಮಕ್ಕಳಿಗಾದ್ರೂ ಅದನ್ನ ಬಿಚ್ಚಿಕೊಡಿ.”

“ಕೆಟ್ರೆ ಯಾರಮ್ಮ ಜವಾಬ್ದಾರಿ?”

“ಮಕ್ಕಳು ಕೆಡ್ತಿದಾರಲ್ಲ, ಅದಕ್ಕೆ ಯಾರು ಸಾರ್?”

ಸತ್ಯಮೂರ್ತಿಗಳು ಗಂಭೀರವಾಗಿ ಕನ್ನಡಕ ಒರೆಸಿಕೊಂಡರು. ಮಕ್ಕಳಿಗೆ ಗ್ಯಾರಂಟಿ ಕಾರ್ಡ್ ಇರುವುದಿಲ್ಲ, ಯಂತ್ರಕ್ಕಿದೆ ಎಂಬರ್ಥದ ಏನೋ ಹೇಳಿದರು. ಯುದ್ಧದ ಮೊದಲ ದಿನ ಹೀಗೆ ಮುಗಿಯಿತು.

ಮರು ಭಾನುವಾರದಿಂದ ಚೆಂಬೂರಿನ ಮನೆಯ ಅಡುಗೆಮನೆ ಪ್ರಯೋಗಶಾಲೆಯಾಯಿತು. ಶುದ್ಧೀಕರಣಕ್ಕೆ ಪ್ರೆಶರ್ ಕುಕ್ಕರ್. ಕಿರಾಣಿ ಅಂಗಡಿಯ ಚೈನಾಗ್ರಾಸ್ ಕುದಿಸಿ ತಟ್ಟೆಗೆ ಹೊಯ್ದ, ಜೆಲ್ಲಿಯಂಥ ಗಟ್ಟಿ ಮಾಧ್ಯಮ. ಅದರ ಮೇಲೆ ಬೆಳೆಸಲು ಬೇಕರಿಯ ಯೀಸ್ಟ್. ಇನ್‌ಕ್ಯುಬೇಟರ್ ಬೇಕಿರಲಿಲ್ಲ, ಆ ಕೆಲಸವನ್ನು ಮುಂಬಯಿಯ ಸೆಕೆಯೇ ಪುಕ್ಕಟೆ ಮಾಡಿಕೊಡುತ್ತಿತ್ತು. ವಿದ್ಯಾರ್ಥಿಗಳು ಸ್ಪಿರಿಟ್ ದೀಪದ ಪಕ್ಕ ಕೂತು, ಕುಣಿಕೆ ಕಾಯಿಸಿ, ಆರಿಸಿ, ಯೀಸ್ಟನ್ನು ತಟ್ಟೆಯ ಮೇಲೆ ಗೆರೆಗೆರೆಯಾಗಿ ಎಳೆಯುವುದನ್ನು ಕಲಿತರು. ಗೆರೆ ಸರಿಯಾಗಿ ಎಳೆದರೆ ಕೊನೆಯ ಗೆರೆಯಲ್ಲಿ ಒಂದೊಂದೇ ಬಿಡಿ ಚುಕ್ಕೆ ಬೆಳೆಯುತ್ತದೆ. ತಪ್ಪಿದರೆ ತಟ್ಟೆಯ ತುಂಬ ಬೂಷ್ಟು. ಮೊದಮೊದಲು ಬೂಷ್ಟೇ ಬೆಳೆಯಿತು. ಅಲಮೇಲು ಬೈದರು, ತೊಳೆಸಿದರು, ಮತ್ತೆ ಮಾಡಿಸಿದರು.

ಕುರ್ಲಾದ ಚಾಳಿನ ಸೇವಂತಿಯ ಮೇಲೆ ಬೈಗುಳದ ಸಿಂಹಪಾಲು ಬಿತ್ತು. ಅವಳ ಅಪ್ಪ ಉಡುಪಿ ಹೋಟೆಲೊಂದರಲ್ಲಿ ದೋಸೆ ಹಾಕುತ್ತಿದ್ದ. ಈ ಸಲ ಕೆಲಸ ಸಿಗದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ವರ ಯಾರೆಂದು ಅಲಮೇಲು ಕೇಳಿದಾಗ, ಫೋಟೋದಲ್ಲಿ ಅರ್ಧ ಮೀಸೆ ಮಾತ್ರ ನೋಡಿದ್ದೇನೆ, ಉಳಿದರ್ಧ ಸ್ಟುಡಿಯೋದವರು ಕತ್ತರಿಸಿಬಿಟ್ಟಿದ್ದಾರೆ ಎಂದಳು. ಅಲಮೇಲುಗೆ ಸ್ಟುಡಿಯೋದವರ ಮೇಲೂ ಸಿಟ್ಟು ಬಂತು.

ಅತ್ತೆ ಸುಬ್ಬಲಕ್ಷ್ಮಮ್ಮ ಮಾತ್ರ ಬಾಗಿಲಲ್ಲೇ ನಿಂತು ಮೂಗು ಮುರಿಯುತ್ತಿದ್ದರು. ಮುಟ್ಟಬೇಡ, ತೆರೆಯಬೇಡ, ಮಾತಾಡಬೇಡ ಎಂದು ಸೊಸೆ ಮಕ್ಕಳಿಗೆ ಗದರುವುದು ಕೇಳಿ ಒಂದು ದಿನ ಅವರಿಗೆ ಸಂತೋಷ ತಡೆಯಲಾಗಲಿಲ್ಲ.

“ಇದನ್ನೇ ಅಲ್ವೇನೇ ನಾವು ಮಡಿ ಅನ್ನೋದು? ನಾನು ಹೇಳಿದ್ರೆ ಹಳೇ ಕಂದಾಚಾರ ಅಂತಿದ್ದೆ.”

“ನಿಮ್ಮ ಮಡಿ ಯಾರು ಮುಟ್ಟಿದ್ರು ಅಂತ ಕೇಳತ್ತೆ ಅತ್ತೆ. ನಂದು, ಹ್ಯಾಗೆ ಮುಟ್ಟಿದ್ರು ಅಂತ ಕೇಳತ್ತೆ. ಸೇವಂತಿ, ಆ ಕುಕ್ಕರ್ ಇಳಿಸು.”

ಸುಬ್ಬಲಕ್ಷ್ಮಮ್ಮ ಆ ಭಾನುವಾರ ನೆರೆಮನೆಯಲ್ಲಿ ಊಟ ಮಾಡಿದರು.

ಹೀಗಿರುವಾಗ ಕಾರ್ಖಾನೆಯ ಮ್ಯಾನೇಜರ್ ಶಿವಪುತ್ರಪ್ಪ ಈ ಬಾರಿ ತಾವೇ ಕಾಲೇಜಿಗೆ ಬಂದು ಹುಡುಗರನ್ನು ಆರಿಸುತ್ತಾರೆಂಬ ಸುದ್ದಿ ಬಂತು. ಸತ್ಯಮೂರ್ತಿಗಳ ಯುದ್ಧತಂತ್ರ ಸಿದ್ಧವಾಯಿತು. ಹೊಸ ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳು ಫರ್ಮೆಂಟರಿನ ಸುತ್ತ ನಿಲ್ಲಬೇಕು, ಯಂತ್ರದ ಕೆಂಪು ದೀಪ ಉರಿಯಬೇಕು, ಯಾರೂ ಬಾಯಿ ಬಿಡಬಾರದು. ಮೇಡಂ ನಗುತ್ತಿರಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ್ದಾಗಿತ್ತು.

ಧಾರವಾಡದ ಕಡೆಯವರಾದ ಶಿವಪುತ್ರಪ್ಪ ಬಂದರು, ಕೋಟುಗಳನ್ನು ನೋಡಿದರು, ದೀಪ ನೋಡಿದರು. ಗಾಜಿನ ಮೇಲೆ ಉಳಿದಿದ್ದ ಕುಂಕುಮವನ್ನೂ ನೋಡಿದರು.

“ಇದರಾಗ ಏನ್ ಬೆಳಸೀರಿ?”

ಪ್ರಿನ್ಸಿಪಾಲರು ಅಲಮೇಲು ಕಡೆ ತಿರುಗಿದರು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಬೆದರಿಕೆಯೂ ಇತ್ತು. ಯೀಸ್ಟ್ ಎಂದು ಒಂದೇ ಮಾತು ಹೇಳಿದರೆ ಸಾಕು, ಮಕ್ಕಳಿಗೆ ಕೆಲಸ ಸಿಗಬಹುದು. ಸೇವಂತಿ ಆ ಅರ್ಧ ಮೀಸೆಯಿಂದ ಪಾರಾಗಬಹುದು. ಅಲಮೇಲು ಬಾಯಿ ತೆರೆದರು. ಯೀಸ್ಟ್ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇದೇ ಸುಳ್ಳಿನ ಬಲದಿಂದ ಮುಂದಿನ ವರ್ಷವೂ ಹೊದಿಕೆ, ಅದರಾಚೆಯ ವರ್ಷವೂ ಹೊದಿಕೆ ಎಂದು ಕಂಡಾಗ, ಅಷ್ಟು ವರ್ಷ ಸಾಕಿದ ಸಿಟ್ಟು ಅವರ ಕೈಬಿಡಲಿಲ್ಲ.

“ಪೂಜೆ ಬೆಳೆಸಿದೀವಿ ಸಾರ್. ಬಂದಾಗಿನಿಂದ ಅದೊಂದೇ ಬೆಳೆದಿರೋದು.”

ಅಷ್ಟಕ್ಕೇ ನಿಲ್ಲದೆ ಐತನ ಬಳಿ ನಟ್ಟು ಬಿಚ್ಚುವ ಪಾನಾ ಕೇಳಿದರು. ಐತ ಕೆನ್ನೆ ಕೆನ್ನೆ ಬಡಿದುಕೊಂಡ.

“ಅದು ದೇವರದ್ದು ಅಲ್ವಾ ಅಮ್ಮ? ಎಂಥ ಮಾಡುದು ನೀವು?”

ಅಲಮೇಲು ತಾವೇ ಪಾನಾ ಕಿತ್ತುಕೊಂಡು ಮುಚ್ಚಳ ಬಿಚ್ಚಿದರು. ಒಳಗೆ ಒಣಗಿದ ಚೆಂಡುಹೂವಿನ ಎಸಳು, ಊದುಬತ್ತಿಯ ಬೂದಿ ಮತ್ತು ಕಡ್ಡಿ, ಇವುಗಳ ನಡುವೆ ಸಂಸಾರ ಸಮೇತ ಒಂದು ಜಿರಳೆ. ಜಿರಳೆ ಪ್ರಿನ್ಸಿಪಾಲರ ಅಂಗಿಯ ತೋಳನ್ನೇರಿ ಪದವೀಧರನಂತೆ ಹೊರಪ್ರಪಂಚಕ್ಕೆ ನಡೆಯಿತು.

ಶಿವಪುತ್ರಪ್ಪ ನಗಲಿಲ್ಲ. ನಮ್ಮ ಮಾಲಕರು ಇಂಥದ್ದೇ ದೊಡ್ಡದೊಂದು ತರಿಸಿ, ನಡೆಸುವವರು ಸಿಗದೆ ಕೂತಿದ್ದಾರೆ ಎಂದು ಬೇಸರದಿಂದ ಹೇಳಿ, ಮಕ್ಕಳ ಕಡೆ ತಿರುಗಿದರು.

“ಮತ್ತ ಇವರು ಏನ್ ಮುಟ್ಯಾರ?”

“ನಮ್ಮನೆ ಕುಕ್ಕರ್,” ಎಂದರು ಅಲಮೇಲು. “ಪರೀಕ್ಷೆ ಮಾಡಿ ನೋಡಿ.”

ಮಾಡಿದರು. ಸ್ಪಿರಿಟ್ ದೀಪ ಹಚ್ಚಿಸಿ, ಒಬ್ಬೊಬ್ಬರಿಗೂ ತಾವು ತಂದಿದ್ದ ಯೀಸ್ಟ್, ತಟ್ಟೆ ಕೊಟ್ಟರು. ಸೇವಂತಿ ಕುಣಿಕೆ ಕೆಂಪಾಗುವ ತನಕ ಕಾದಳು, ಆರುವ ತನಕ ಕಾದಳು, ಗೆರೆ ಎಳೆದಳು. ಯೀಸ್ಟಿಗೆ ಶಿಫಾರಸು ಗೊತ್ತಿಲ್ಲ, ಬೆಳೆಯುವಷ್ಟು ಬೆಳೆಯಲಿ ಎಂದು ಶಿವಪುತ್ರಪ್ಪ ತಟ್ಟೆಗಳನ್ನು ಕಾರ್ಖಾನೆಗೆ ಒಯ್ದರು. ಆಮೇಲೆ ಸತ್ಯಮೂರ್ತಿಗಳು ಅಲಮೇಲುಗೆ, ಅವರ ವಂಶಕ್ಕೆ ಮತ್ತು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿಸಿ ಏನೇನು ಹೇಳಿದರೆಂಬುದು ಇಲ್ಲಿ ಬೇಡ.

ಎರಡು ದಿನ ಬಿಟ್ಟು ಫೋನ್ ಬಂತು. ಅರ್ಧಕ್ಕಿಂತ ಹೆಚ್ಚಿನ ತಟ್ಟೆಗಳಲ್ಲಿ ಬಿಡಿ ಬಿಡಿ ಚುಕ್ಕೆಗಳು ಬೆಳೆದಿದ್ದವು, ಸೇವಂತಿಯದಂತೂ ರಂಗೋಲಿಯಂತಿತ್ತಂತೆ. ಅಷ್ಟು ಮಂದಿಗೂ ಕೆಲಸ. ಮುಂದೆಯೂ ಇದೇ ಕಾಲೇಜಿನಿಂದ ತೆಗೆದುಕೊಳ್ಳುತ್ತೇವೆ, ಆದರೆ ಆ ಯಂತ್ರವನ್ನು ತೊಳೆದು ಓಡಿಸಿದರೆ ಮಾತ್ರ ಎಂದು ಶಿವಪುತ್ರಪ್ಪ ಷರತ್ತು ಹಾಕಿದ್ದರು. ತಮ್ಮ ದೂರದೃಷ್ಟಿಯಿಂದ ಸಂಗ್ರಹಿಸಿದ ಯಂತ್ರದ ಫಲವಿದು ಎಂದು ಪ್ರಿನ್ಸಿಪಾಲರು ವಾರ್ಷಿಕೋತ್ಸವದಲ್ಲಿ ಭಾಷಣ ಮಾಡಿದರು. ಅಲಮೇಲು ಆ ಸಿಟ್ಟನ್ನೂ ಮನೆಗೆ ಕರೆದೊಯ್ದು ಸಾಕಿಕೊಂಡರು.

ಫರ್ಮೆಂಟರಿನಲ್ಲಿ ಮೊದಲ ಬಾರಿ ಯೀಸ್ಟ್ ಹಾಕಿದಾಗ ಅದು ಕೆಟ್ಟು ಕೊಳೆತು, ಎರಡು ಮಹಡಿಗೆ ನಾತ ಹಬ್ಬಿತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದ ಸತ್ಯಮೂರ್ತಿಗಳ ಕಣ್ಣಲ್ಲಿ ವಿಜಯದ ಹೊಳಪಿತ್ತು. ಹೊಸ ಮಕ್ಕಳು ಯಾವ ನಳಿಕೆಯಿಂದ ಕಲ್ಮಶ ಸೇರಿತೆಂದು ಜಗಳವಾಡುತ್ತಿದ್ದರು. ಅಲಮೇಲು ಎಲ್ಲರನ್ನೂ ಸಮನಾಗಿ ಬೈಯುತ್ತಿದ್ದರು. ಕಾರ್ಖಾನೆಗೆ ರಜೆಯೆಂದು ಸಹಾಯಕ್ಕೆ ಬಂದಿದ್ದ ಸೇವಂತಿ ಯಂತ್ರದ ಅಡಿಗೆ ಬಗ್ಗಿದ್ದಳು. ಪ್ರಿನ್ಸಿಪಾಲರ ನೆರಳು ಬಿದ್ದು ಅವಳಿಗೆ ವಾಲ್ವ್ ಕಾಣದಾಯಿತು.

“ಸರ್, ಜರಾ ಸೈಡ್‌ಗೆ ಹೋಗಿ ನಾ,” ಎಂದಳು ತಲೆಯೆತ್ತದೆ. “ವಾಲ್ವ್ ದಿಖ್‌ತಾ ನಹೀ.”

ಪ್ರಿನ್ಸಿಪಾಲರು ಸರಿದು ನಿಂತರು.