ಒಗೆದ ಅಂಗಿಯನ್ನೇ ಒಗೆಯುವ ಗೆನ್‌ಮೇ

ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ಗೆನ್‌ಮೇ ಕಾಲುವೆಯ ನೀರು ಹರಿದು ಹೋಗುವ ಕಡೆಗೆ ಕತ್ತು ಹೊರಳಿಸಿದರು. ಕೆಳಗಿನ ಮನೆಗಳ ಮೆಟ್ಟಿಲಲ್ಲಿ ಯಾರೂ ಅಕ್ಕಿ ತೊಳೆಯುತ್ತಿರಲಿಲ್ಲ. ಅಲ್ಲಿ ಯಾರಾದರೂ ಅಕ್ಕಿ ತೊಳೆದು ಇಪ್ಪತ್ತು ವರ್ಷಗಳೇ ಆಗಿರಬೇಕು. ಆದರೂ ನೋಡದೆ ಅವರು ಬಟ್ಟೆಯನ್ನು ನೀರಿಗಿಳಿಸುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಕೆಳಗಿನ ಮನೆಯವರ ಅಕ್ಕಿ ಇನ್ನೂ ನೀರಲ್ಲಿದ್ದಾಗಲೇ ಗಂಡನ ಕಾಲ್ಚೀಲ ಅದ್ದಿದ್ದಕ್ಕೆ ಅತ್ತೆ ಇಡೀ ಬೀದಿಗೆ ಕೇಳುವಂತೆ ಬೈದಿದ್ದರು. ಬೆಳಿಗ್ಗೆ ಮೊದಲು ಅಕ್ಕಿ, ಆಮೇಲೆ ಸೊಪ್ಪು, ಆಮೇಲೆ ಬಟ್ಟೆ. ಕಕ್ಕಸಿನ ಮರದ ಬಕೆಟ್ಟು ಎಲ್ಲಕ್ಕೂ ಕೊನೆಗೆ. ಈ ಲ್ಯುತಾಂಗ್ ಊರಿನ ಹೆಂಗಸರಿಗೆ ಇದು ಬಾಯಿಪಾಠ.

ಎಡಗೈಯಿಂದ ಗೋಡೆ ಹಿಡಿದು ನಿಧಾನವಾಗಿ ಕುಕ್ಕರುಗಾಲಲ್ಲಿ ಕುಳಿತು, ನೀಲಿ ಅಂಗಿಯನ್ನು ಅದ್ದಿ, ಮರದ ಬಡಿಗೆಯಿಂದ ಬಡಿಯತೊಡಗಿದರು. ಅಂಗಿ ನಿನ್ನೆ ಒಗೆದದ್ದು. ಮೊನ್ನೆಯೂ ಒಗೆದದ್ದು. ಕಾಲುವೆಗೆ ಸೋಪು ಬಿಡುವಂತಿಲ್ಲ, ಹಾಗಾಗಿ ಕೊಳೆಯಾದದ್ದನ್ನು ತರುವಂತೆಯೂ ಇಲ್ಲ.

ಸೇತುವೆಯ ಮೇಲೆ, ಶಾಂಘೈನಿಂದ ಬಂದ ಮೊದಲ ಬಸ್ಸಿನ ಜನ ಫೋನು ಎತ್ತಿದರು.

ಅರವತ್ತೇಳು ವರ್ಷದ ಗೆನ್‌ಮೇ ಪ್ರವಾಸಿ ಕಂಪನಿಯ ಸಂಬಳದವರು. ಹಳೆಯ ಊರು ಇನ್ನೂ ಬದುಕಿದೆ ಎಂದು ಬಂದವರಿಗೆ ಅನಿಸಬೇಕು. ಅದಕ್ಕಾಗಿ ಅವರು ಮಧ್ಯಾಹ್ನದವರೆಗೆ ಬಟ್ಟೆ ಒಗೆಯುತ್ತಾರೆ. ಮೆಟ್ಟಿಲು ಅವರದೇ ಹಳೆಯ ಮನೆಯದು. ಮೇಲೆ ಮನೆಯಿದ್ದಲ್ಲಿ ಈಗ ಕಾಫಿ ಅಂಗಡಿ. ಬೀದಿಯವರನ್ನೆಲ್ಲ ಹೆದ್ದಾರಿಯ ಆಚೆಗೆ, ಬೇರೆ ಬೇರೆ ಕಟ್ಟಡಗಳಿಗೆ ಕಳಿಸಿ ಬಹಳ ಕಾಲವಾಯಿತು. ಗೆನ್‌ಮೇ ಇರುವುದು ಐದನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಗಂಡ ತೀರಿಕೊಂಡ ಮೇಲೆ ಅಲ್ಲಿ ಮಾತಿಗೆ ಸಿಗುವುದು ಟೀವಿ ಮಾತ್ರ. ಹಳೆಯ ನೆರೆಯವರಲ್ಲಿ ಒಬ್ಬರು ಇಲ್ಲಿ ಬಲೆ ಹೆಣೆಯುತ್ತಾರೆ, ಒಬ್ಬರು ಅಕ್ಕಿ ಕಡುಬು ಮಾರುತ್ತಾರೆ, ಪಕ್ಕದ ಮನೆಯಾಕೆ ಆಜಿನ್ ದೋಣಿ ನಡೆಸುತ್ತಾರೆ. ಬೀದಿಯವರು ಒಬ್ಬರನ್ನೊಬ್ಬರು ಕಾಣುವುದು ಈಗ ಡ್ಯೂಟಿಯಲ್ಲೇ.

ಆ ಡ್ಯೂಟಿ ಈಗ ಗೆನ್‌ಮೇಯವರ ನೋಯುವ ಮೊಣಕಾಲಿನ ಮೇಲೆ ನಿಂತಿತ್ತು. ಒಂದು ಸಣ್ಣ ಬಿದಿರಿನ ಸ್ಟೂಲು ಕೊಡಿ ಎಂದು ಹೋದ ತಿಂಗಳು ಕೇಳಿದ್ದರು. ಮೇಲ್ವಿಚಾರಕಿ ಚಿಯೆನ್ ಇನ್ನೂ ಮೂವತ್ತು ದಾಟದವಳು, ಒರಟಲ್ಲ.

"ಅಜ್ಜಿ, ಹಳೆ ಫೋಟೋಗಳಲ್ಲಿ ಯಾರೂ ಸ್ಟೂಲ್ ಮೇಲೆ ಕೂತು ಬಟ್ಟೆ ಒಗೀತಿಲ್ಲ," ಎಂದಿದ್ದಳು.

"ಆ ಫೋಟೋದಲ್ಲಿರೋರಿಗೆ ಯಾರಿಗೂ ಅರವತ್ತೇಳು ಆಗಿಲ್ಲಮ್ಮ."

ಚಿಯೆನ್ ನಕ್ಕು, ಮೇಲಿನವರನ್ನು ಕೇಳಿದ್ದಳು. ಉತ್ತರ ಬಂದಿತ್ತು: ಸ್ಟೂಲು ಬೇಡ, ಕುಕ್ಕರುಗಾಲಲ್ಲಿ ಕೂರಲಾಗದವರನ್ನು ಮೆಟ್ಟಿಲಲ್ಲಿ ಇಟ್ಟುಕೊಳ್ಳುವುದೂ ಬೇಡ. ಅಂದಿನಿಂದ ಗೆನ್‌ಮೇ ನೋವಿನ ಸುದ್ದಿ ಎತ್ತಿಲ್ಲ.

"ಅಜ್ಜಿ, ಅಂಗಿ ಶುಭ್ರವಾಗೇ ಇದೆಯಲ್ಲ, ಯಾಕೆ ಒಗೀತಿದ್ದೀರಿ?" ಕಟ್ಟೆಗೆ ಒರಗಿದ್ದ ಪ್ರವಾಸಿಯೊಬ್ಬ ಕೇಳಿದ.

"ನಿನ್ನೆ ಊರೂರಿನ ಜನವೆಲ್ಲ ಇದರ ಮೇಲೆ ಕಣ್ಣು ಹಾಕಿದ್ದಾರೆ. ಕೊಳೆ ಹತ್ತಲ್ವೇನಪ್ಪಾ?"

ಅವನು ನಕ್ಕು, ಅದನ್ನೂ ವಿಡಿಯೋ ಮಾಡಿಕೊಂಡ.

ಸೇತುವೆಯ ಕೆಳಗಿನಿಂದ ಆಜಿನ್‌ರ ದೋಣಿ ಬಂತು. ಜನ ತುಂಬಿದ್ದರು. ಹಾಡು ಅರ್ಧಕ್ಕೆ ನಿಲ್ಲಿಸಿ ಅವರು ಕೂಗಿದರು: "ಗೆನ್‌ಮೇ ಅಕ್ಕಾ, ಬಡಿದೂ ಬಡಿದೂ ಆ ಅಂಗಿ ಬಲೆ ಆಗೋಗಿದೆ, ಮೀನಾದ್ರೂ ಹಿಡಿ!"

"ನಿನ್ನ ಗಂಟಲಿನಷ್ಟು ಹರಿದಿಲ್ಲ ಬಿಡೆ."

"ಮೊಣಕಾಲು?"

"ಅದು ನನ್ನ ಜೊತೆ ಮಾತು ಬಿಟ್ಟಿದೆ."

ಮಧ್ಯಾಹ್ನ ಏಳುವ ಹೊತ್ತಿಗೆ ಕಾಲು ಏಳಲಿಲ್ಲ. ಗೋಡೆ ಹಿಡಿದು ಒಮ್ಮೆ ಏಳಲು ನೋಡಿದರು. ಬಡಿಗೆ ಊರಿ ಇನ್ನೊಮ್ಮೆ ನೋಡಿದರು. ಅದು ಕೈ ಜಾರಿ ನೀರಿಗೆ ಬಿದ್ದು ತೇಲಿಹೋಯಿತು. ಮತ್ತೆ ಕಲ್ಲಿನ ಮೇಲೆ ಕುಸಿದರು. ಕೂಗಲಿಲ್ಲ. ತೇಲಿ ಬರುತ್ತಿದ್ದ ಬಡಿಗೆಯನ್ನು ಕಂಡ ಆಜಿನ್, ಜನ ಕೂತಿದ್ದಂತೆಯೇ ದೋಣಿ ತಿರುಗಿಸಿ, ಮೂತಿಯನ್ನು ಮೆಟ್ಟಿಲಿಗೆ ತಾಗಿಸಿ ಹಾರಿ ಇಳಿದರು. ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಸೇತುವೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು.

"ಇದನ್ನ ಮತ್ತೆ ಎಷ್ಟೊತ್ತಿಗೆ ತೋರಿಸ್ತೀರಿ?" ಮೇಲಿನಿಂದ ಯಾರೋ ಕೇಳಿದರು.

"ನಾಳೆ ಇದೇ ಹೊತ್ತಿಗೆ," ಎಂದರು ಆಜಿನ್, "ನನ್ನ ಸೊಂಟ ಉಳಿದ್ರೆ."

ಚಿಯೆನ್ ಮೆಟ್ಟಿಲಿಳಿದು ಓಡಿ ಬಂದಳು. "ಬಿದ್ರಾ ಅಜ್ಜಿ?"

"ಬಿದ್ದಿಲ್ಲ. ಎದ್ದಿಲ್ಲ, ಅಷ್ಟೆ."

ಹುಡುಗಿ ಒದ್ದೆ ಕಲ್ಲಿನ ಮೇಲೆಯೇ ಪಕ್ಕದಲ್ಲಿ ಕುಳಿತಳು. "ನಾನು ನೋಡೇ ಇಲ್ಲ ಅಂದುಬಿಡಬಹುದಿತ್ತು. ಆದರೆ ಅರ್ಧ ಸೇತುವೆ ವಿಡಿಯೋ ಮಾಡಿಕೊಂಡಿದೆ."

"ಮಾಡಿಕೊಳ್ಳಲಿ. ಅದಕ್ಕೇ ಅಲ್ವಾ ಕೂರಿಸಿದ್ದು." ಗೆನ್‌ಮೇ ಅಂಗಿ ಹಿಂಡಿದರು. "ನನ್ನ ಜಾಗಕ್ಕೆ ಯಾರು ಬರ್ತಾರೆ?"

"ಆನ್‌ಹುಯಿ ಪ್ರಾಂತ್ಯದ ಕಡೆಯ ಒಬ್ಬ ಹೆಂಗಸು. ಇನ್ನೂ ನಲವತ್ತರ ಆಸುಪಾಸು."

"ಅವಳ ಊರಲ್ಲಿ ಕಾಲುವೆ ಇದೆಯಾ?"

"ಗುಡ್ಡ ಇದೆಯಂತೆ."

"ಮೊಣಕಾಲು ಗಟ್ಟಿಯಿರುತ್ತೆ ಹಾಗಿದ್ರೆ," ಎಂದು ಗೆನ್‌ಮೇ ಅಂಗಿಯನ್ನು ಬಿದಿರಿನ ಗಳುವಿಗೆ ಏರಿಸಿದರು. ದೋಣಿಯಲ್ಲಿದ್ದವರು ಕರೆಯುತ್ತಿದ್ದರೆಂದು ಆಜಿನ್ ಹೊರಟುಹೋದರು.

ಸೋಮವಾರದಿಂದ ಆ ಮೆಟ್ಟಿಲಲ್ಲಿ ಹೊಸ ಹೆಂಗಸು ಕೂರುತ್ತಾಳೆ. ಅವಳಿಗೆ ಕೆಲಸ ತೋರಿಸಿಕೊಡಲು ಗೆನ್‌ಮೇ ಶನಿವಾರ ಒಂದು ದಿನ ಬರಬೇಕು. ಆ ದಿನದ ಮಟ್ಟಿಗೆ ಸ್ಟೂಲಿಗೆ ಒಪ್ಪಿಗೆ ಸಿಕ್ಕಿದೆ.