ಗಾಳ ಎಂದರೆ

ತೊಂಬತ್ತರ ದಶಕದ ಕೊನೆ. ನಾನು ಪುಣೆಗೆ ಬಂದು ಒಂದೂವರೆ ವರ್ಷವಾಗಿತ್ತು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಲೋಕಲ್ ರೈಲಿನಲ್ಲಿ, ತರಕಾರಿ ಸಂತೆಯಲ್ಲಿ ಕಲಿತ ಮರಾಠಿಯ ಮೇಲೆ ನನಗೆ ವಿಪರೀತ ಜಂಬ. ಧಾರವಾಡದಿಂದ ಅಪ್ಪ ಬಂದಾಗಂತೂ ಕೇಳಬೇಡಿ. ಕಂಡಕ್ಟರ್ ಏನೆಂದ, ಪಕ್ಕದ ಮನೆಯವರು ಏನೆಂದರು, ಎಲ್ಲವನ್ನೂ ಅವರು ಕೇಳುವ ಮೊದಲೇ ಕನ್ನಡಕ್ಕೆ ಇಳಿಸಿಬಿಡುತ್ತಿದ್ದೆ. ಅವರೂ ನನ್ನ ಮಾತು ಬಿಟ್ಟು ಬೇರೆ ನಂಬುತ್ತಿರಲಿಲ್ಲ.

ಅಪ್ಪ ಚಿತ್ರಕಲೆಯ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ರಾಜಹಂಸಗಳನ್ನು ಕಣ್ಣಾರೆ ನೋಡಿ ಬರೆಯಬೇಕೆಂಬುದು ಅವರ ಆಸೆ. ಹಾಗಾಗಿ ಒಂದು ಭಾನುವಾರ ಭಿಗವಣದ ಹಿನ್ನೀರಿಗೆ ಕರೆದುಕೊಂಡು ಹೋದೆ. ಮೀನುಗಾರನೊಬ್ಬ ತನ್ನ ದೋಣಿಯಲ್ಲಿ ಕೂರಿಸಿಕೊಂಡ. ಅಬ್ಬಾ, ಎಷ್ಟು ಹಕ್ಕಿ! ದೂರದ ನಡುಗಡ್ಡೆಯಂಚಿನಲ್ಲಿ ಉದ್ದ ಕಾಲಿನ ಗುಲಾಬಿ ಸಾಲು ತಲೆ ತಗ್ಗಿಸಿ ಮೇಯುತ್ತಿತ್ತು. ಅಪ್ಪ ಡ್ರಾಯಿಂಗ್ ಪುಸ್ತಕ ತೆರೆದವರು ಮಾತೇ ಮರೆತರು.

ನಡುಗಡ್ಡೆಗೆ ದೋಣಿ ತಾಗಿಸಿ ಅಂಬಿಗ, "ತಿಕಡೇ ಗಾಳ ಆಹೇ, ಸಾಂಭಾಳಾ" ಎಂದ. ಎಂದವನು ಬೆನ್ನು ತಿರುಗಿಸಿ ಹಗ್ಗ ಬಿಗಿಯತೊಡಗಿದ. ಸಾಂಭಾಳಾ ಎಂದರೆ ಜೋಪಾನ. ಇನ್ನು ಗಾಳ? ಅದಕ್ಕೇನು ಕೇಳುವುದು, ಮೀನು ಹಿಡಿಯುವವನಲ್ಲವೆ!

"ಅಲ್ಲೆ ಗಾಳ ಬಿದ್ದಾವಂತ. ಚಪ್ಪಲಿ ತಗೀಬ್ಯಾಡ್ರಿ ಅಪ್ಪಾ" ಎಂದೆ.

ಅಪ್ಪ ವಿಧೇಯರಾಗಿ ಚಪ್ಪಲಿ ಮೆಟ್ಟಿಕೊಂಡೇ ಇಳಿದರು. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು. ಮೊದಲ ಹೆಜ್ಜೆಗೆ ಮೊಣಕಾಲು ಒಳಗೆ ಹೋಯಿತು. ಎರಡನೆಯದಕ್ಕೆ ತೊಡೆ. ಕಾಲು ಕೀಳಲು ಒದ್ದಾಡಿದಷ್ಟೂ ಇಳಿದು, ನೋಡನೋಡುತ್ತಿದ್ದಂತೆ ಸೊಂಟದವರೆಗೆ ಹುಗಿದುಹೋದರು. ಪುಸ್ತಕ ಹಿಡಿದ ಕೈ ಮಾತ್ರ ಮೇಲಕ್ಕೆತ್ತಿದ್ದರು. ಒಂದೂವರೆ ವರ್ಷ ಕಲಿತ ಮರಾಠಿಯಲ್ಲಿ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. "ಅಪ್ಪಾ" ಎಂದು ಕಿರುಚಿದೆ. ಅಂಬಿಗ ತಿರುಗಿ ನೋಡಿದ.

"ಗಾಳ ಮ್ಹಣಾಲೋ ನಾ!" ಎಂದು ನನ್ನನ್ನೇ ಗದರಿದ. ಗಾಳ ಅಂದೆನಲ್ಲಾ! ಅವನು ತೋರಿಸುತ್ತಿದ್ದುದು ಕೆಸರನ್ನು. ಕೆಸರಿಗೆ ಚಿಖಲ್ ಎನ್ನುವುದಷ್ಟೇ ನನಗೆ ಗೊತ್ತಿತ್ತು. ನೀರಿನಡಿಯ ಹೂಳಿಗೆ ಇವರು ಗಾಳ ಎನ್ನುತ್ತಾರೆಂದು ತಿಳಿದದ್ದು ಆಗ, ಅಪ್ಪ ಅದರಲ್ಲಿ ಹೂತು ನಿಂತಾಗ.

ಅಂಬಿಗ ದೋಣಿಯ ಹಲಗೆ ಕಿತ್ತು ಹೂಳಿನ ಮೇಲೆ ಎಸೆದು, "ಝೋಪಾ ಕಾಕಾ, ಝೋಪಾ" ಎಂದು ಕೂಗತೊಡಗಿದ. ಅಪ್ಪ ನನ್ನ ಮುಖ ನೋಡಿದರು. ಝೋಪಾ ಎಂದರೆ ಮಲಗಿ. ದಿನಕ್ಕೆ ಹತ್ತು ಸಲ ಕೇಳುವ ಮಾತು. ಆದರೆ ಮುಳುಗುತ್ತಿರುವವರಿಗೆ ಯಾರಾದರೂ ಮಲಗು ಎನ್ನುತ್ತಾರೆಯೇ? ಇದೂ ಬೇರೇನೋ ಇರಬೇಕು ಎನಿಸಿತು. ನನ್ನ ಬಾಯಿಂದ ಇನ್ನೊಂದು ತಪ್ಪು ಬೇಡವೆಂದು ದೋಣಿಯಲ್ಲೇ ತುಟಿ ಬಿಗಿದು ನಿಂತೆ. ಅಪ್ಪ ನನ್ನನ್ನೇ ನೋಡುತ್ತ ಇನ್ನೂ ಒಂದು ಗೇಣು ಇಳಿದರು. ಕೊನೆಗೆ ಅಂಬಿಗ ತಾನೇ ಹಲಗೆಯ ಮೇಲೆ ಅಂಗಾತ ಮಲಗಿ ತೋರಿಸಿದ. ಅಪ್ಪ ಹಿಂದಕ್ಕೆ ಒರಗಿದರು. ಮೈಭಾರ ಹರಡಿದ್ದೇ ಕಾಲು ಸಡಿಲವಾಯಿತು. ನಾನೂ ಹಲಗೆಗೆ ಇಳಿದೆ. ಅಂಬಿಗನೂ ನಾನೂ ಸೇರಿ ಅವರ ಕಂಕುಳಿಗೆ ಕೈಕೊಟ್ಟು ಎಳೆದೆವು. ಚಪ್ಪಲಿ ಒಳಗೇ ಉಳಿದವು.

ದಂಡೆಯ ಚಹಾದಂಗಡಿಯಲ್ಲಿ ಅಪ್ಪ ಅಂಬಿಗ ಕೊಟ್ಟ ಲುಂಗಿ ಉಟ್ಟು ಕೂತರು. ಗಾಳದ ಕಥೆ ಹೇಳಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, ನಕ್ಕೇಬಿಟ್ಟರು. ಆಮೇಲೆ ಕೇಳಿದರು:

"ಆಮ್ಯಾಲ ಅಂವಾ ಝೋಪಾ ಝೋಪಾ ಅಂತ ಒದರ್ತಿದ್ನಲ್ಲ, ಹಂಗಂದ್ರೇನೋ?"

"ಮಲಗ್ರಿ ಅಂತ."

"ನಿನಗ ಗೊತ್ತಿತ್ತೇನು?"

"ಹೂಂ."

ಅಪ್ಪ ಕಪ್ಪು ಕೆಳಗಿಟ್ಟರು. ನಗು ಹೋಗಿತ್ತು.

"ಮದಲನೇದು ನಿನಗ ಗೊತ್ತಿರಲಿಲ್ಲ, ಬಿಡು. ಇದು ಗೊತ್ತಿತ್ತಲ್ಲ. ನಾ ನಿನ್ನ ಮಾರೀನ ನೋಡ್ಲಿಕತ್ತಿದ್ದೆ. ಯಾಕ ಹೇಳಲಿಲ್ಲೋ?"